ಮೂವತ್ತು ಪೌಂಡಿನ ವಾದ್ಯ

೧೯೬೧ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹಾಡುತ್ತಿದ್ದ ಇಂಗ್ಲೆಂಡಿನ ಬೀಟಲ್ಸ್ ತಂಡವನ್ನು ಬೇಸ್ ಗಿಟಾರ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಗಾಗಿ ತೊರೆದ. ನಾಲ್ಕು ತಂತಿಯ ಆ ಮಂದ್ರನಾದದ ಹೊಣೆ ತರುಣ ಪಾಲ್ ಮೆಕಾರ್ಟ್ನಿಯ ಹೆಗಲೇರಿತು.

ಅಮೆರಿಕದ ಫೆಂಡರ್ ವಾದ್ಯಕ್ಕೆ ಸುಮಾರು ೧೦೦ ಪೌಂಡು. ಆತನ ಕೈಗೆಟುಕುತ್ತಿದ್ದುದು ೩೦. ಸಾಲ ಕೂಡದೆಂಬುದು ತಂದೆಯ ಕಟ್ಟಪ್ಪಣೆ. ಮೇಲಾಗಿ ಆತ ಎಡಚ! ಅಂಗಡಿಯಲ್ಲಿ ಕಣ್ಣಿಗೆ ಬಿದ್ದುದು ಜರ್ಮನಿಯದೇ ಆದ ಹೋಫ್ನರ್: ಹಗುರವಾದ, ಪಿಟೀಲಿನ ಆಕಾರದ ವಾದ್ಯ. ಎರಡು ಪಕ್ಕವೂ ಸಮನಾದುದರಿಂದ ಎಡಗೈಯವನು ಹಿಡಿದರೂ ವಿಕಾರವಾಗಿ ಕಾಣದು. ಅದನ್ನೇ ಕೊಂಡ.

'ಲವ್ ಮಿ ಡೂ' ಧ್ವನಿಮುದ್ರಿಕೆಯಲ್ಲಿ ಕೇಳಿಬರುವುದು ಆ ಅಗ್ಗದ ವಾದ್ಯದ ತುಂಬುನಾದವೇ. ೧೯೭೨ರಲ್ಲಿ ಲಂಡನ್ನಿನಲ್ಲಿ ಅದು ಕಳುವಾಯಿತು. ಕೋಟ್ಯಧೀಶನಾದ ಮೇಲೂ ಮೆಕಾರ್ಟ್ನಿಗೆ ಅದರ ಹಂಬಲ ಹೋಗಲಿಲ್ಲ. ೫೧ ವರ್ಷಗಳ ತರುವಾಯ ಸಸೆಕ್ಸಿನ ಮನೆಯೊಂದರ ಅಟ್ಟದಲ್ಲಿ ದೊರೆತು, ದುರಸ್ತಿಗೆ ಕಾದ ಸ್ಥಿತಿಯಲ್ಲಿ ಒಡೆಯನ ಕೈಸೇರಿತು.