ಉಜ್ಜದ ಸವರನ್ನು
ಬ್ರಿಟನ್ನಿನಲ್ಲಿ 1817ರಿಂದ ಹೊಸ ರೂಪದಲ್ಲಿ ಟಂಕಿಸಲಾದ ಸವರನ್, ಅಂದರೆ ಕರಾವಳಿಯವರ ಪವನು, 22 ಕ್ಯಾರೆಟ್ಟಿನ ನಾಣ್ಯ. ಅದರಲ್ಲಿ ಹನ್ನೊಂದು ಪಾಲು ಚಿನ್ನಕ್ಕೆ ಒಂದು ಪಾಲು ಬೆರಕೆ, ಸಾಮಾನ್ಯವಾಗಿ ತಾಮ್ರ. ಚಿನ್ನ ಕಿಲುಬದಿದ್ದರೂ ಈ ತಾಮ್ರವು ದಶಕಗಳ ಗಾಳಿಗೆ ಮಾಸಿ, ಅಕ್ಷರಗಳ ಸಂದುಗಳಲ್ಲಿ ಮೂಡಿಸುವ ಕೆಂಜಾಯೆಯನ್ನೇ ಸಂಗ್ರಾಹಕರು ಅರಸುತ್ತಾರೆ. ಅಚ್ಚಿನ ಒತ್ತಡಕ್ಕೆ ಲೋಹ ಹರಡಿದಾಗ ಉಂಟಾಗುವ ಅತಿಸೂಕ್ಷ್ಮ ಗೆರೆಗಳಿಂದಾಗಿ, ಸವೆಯದ ನಾಣ್ಯವನ್ನು ದೀಪದಡಿ ಓರೆಮಾಡಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಗಾಲಿಯಂತೆ ಸುತ್ತುತ್ತವೆ. ಒಡವೆಗೆ ಹಾಕುವ ಪಾಲಿಶ್ ಇದಕ್ಕೂ ತಗುಲಿದರೆ ಆ ಗೆರೆಗಳು ಅಳಿದು ನಿರ್ಜೀವ ಹೊಳಪಷ್ಟೇ ಉಳಿಯುತ್ತದೆ, ಅಳಿದ ಗೆರೆಗಳನ್ನು ಮರಳಿ ತರುವ ಉಪಾಯವಿಲ್ಲ. ಮುಂಬಯಿಯಲ್ಲಿ 1918ರ ಇಸವಿಯೊಂದಿಗೆ ಮಾತ್ರ ಅಚ್ಚಾದ, ಇಸವಿಯ ಮೇಲಣ ನೆಲದ ಗೆರೆಯಲ್ಲಿ ಇಂಗ್ಲಿಷಿನ ‘ಐ’ ಅಕ್ಷರವಿರುವ ಸವರನ್ನನ್ನು ಕೊಳ್ಳುವವರು, ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ಕಲೆ ಅಂಚಿನಲ್ಲಿದೆಯೇ ಎಂದು ಮೊದಲು ಭೂತಗನ್ನಡಿಯಲ್ಲಿ ನೋಡುವುದು ಲೇಸು.