ಗುಮ್ಮಟವಿಲ್ಲದ ಪರಂಪರೆ

ಗೌರಿಬಿದನೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುವ ನಮ್ಮ ಕಡೆಯವರಿಗೆ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಎಂದರೆ ಗೋಪುರದ ಆ ಮುಖ್ಯ ಕಟ್ಟಡ. ಅದೇ ಆವರಣದ ಲೋಹಶಾಸ್ತ್ರ ವಿಭಾಗವನ್ನು ನಿಂತು ನೋಡುವವರು ಕಡಿಮೆ. ಅದರ ಕಥೆ ಶುರುವಾಗುವುದು ಬರ್ಲಿನ್ನಿನಲ್ಲಿ.

ಅದನ್ನು ವಿನ್ಯಾಸ ಮಾಡಿದ ಒಟ್ಟೊ ಕೋನಿಗ್ಸ್‌ಬರ್ಗರ್ 1908ರಲ್ಲಿ ಅಲ್ಲಿ ಹುಟ್ಟಿದವರು. 1933ರಲ್ಲಿ ಹಿಟ್ಲರ್ ಬಂದ. ಯಹೂದಿ ಮೂಲದ ಇವರ ಸರ್ಕಾರಿ ಕೆಲಸ ಹೋಯಿತು. ಕೆಲವು ವರ್ಷ ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ನರ ಕರೆಯ ಮೇಲೆ ಮೊದಲೇ ಇಲ್ಲಿಗೆ ಬಂದು ಹೋಗಿದ್ದರು.

ದಿವಾನ್ ಮಿರ್ಜಾ ಇಸ್ಮಾಯಿಲ್ಲರಿಗೆ ಗುಮ್ಮಟ, ಕಮಾನು, ಅಲಂಕಾರ ಬೇಕು. ಈ ಜರ್ಮನ್ನರಿಗೆ ಬೇಕಾದದ್ದು ನೆರಳು, ಗಾಳಿ. ಇಬ್ಬರ ಜಗ್ಗಾಟದಲ್ಲಿ ಬೆಂಗಳೂರಿಗೆ ಲಾಭವಾಯಿತೆಂದೇ ನನ್ನ ಲೆಕ್ಕ. ಕಿಟಕಿ ಮೇಲಿನ ಸಜ್ಜವನ್ನೇ ನೋಡಿ: ಅದು ಎಷ್ಟು ಚಾಚಬೇಕೆಂದು ಹೇಳುವುದು ಬಿಸಿಲು ಬೀಳುವ ಕೋನ. ಒಂದು ಗೋಡೆಯ ಕಿಟಕಿಯಿಂದ ಬಂದ ಗಾಳಿ ಎದುರು ಗೋಡೆಯಿಂದ ಹೊರಟರೆ ಫ್ಯಾನಿಗೂ ವಿರಾಮ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಅವರದೇ. 1948ರಲ್ಲಿ ಬೆಂಗಳೂರು ಬಿಟ್ಟರು. ಭುವನೇಶ್ವರಕ್ಕೆ ನಕ್ಷೆ ಮಾಡಿದರು, ಆಮೇಲೆ ಲಂಡನ್ನಿನಲ್ಲಿ ಉಷ್ಣವಲಯದ ಕಟ್ಟಡ ವಿದ್ಯೆಯ ಮೇಷ್ಟ್ರಾದರು.

ಅವರ ಇಂಥ ಕಟ್ಟಡಗಳನ್ನು ಉಳಿಸಿ ಎಂದರೆ, ಇದರಲ್ಲಿ ಏನಿದೆ ಎಂಬ ಪ್ರಶ್ನೆ ಬರುತ್ತದೆ. ಕೆತ್ತನೆಯಿಲ್ಲ, ರಾಜರು ಮಲಗಿದ ಕೋಣೆಯಿಲ್ಲ. ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ ಗ್ರೀಕ್ ಕಂಬಗಳಿದ್ದೂ 2017ರಲ್ಲಿ ನೆಲಸಮವಾಯಿತು. ಸಾದಾ ಗೋಡೆಯ ಪರವಾಗಿ ಮಾತಾಡುವವರು ಯಾರು?

ಕಷ್ಟ ಮನಸ್ಸಿನದಷ್ಟೇ ಅಲ್ಲ, ಮೇಸ್ತ್ರಿಯದೂ ಹೌದು. ಹಳೆಯ ಗಾರೆ ಗೋಡೆ ಬಿರಿದರೆ ಮತ್ತೆ ಗಾರೆ ಮೆತ್ತಬಹುದು. ಕಾಂಕ್ರೀಟ್ ಹಾಗಲ್ಲ. ನೀರು ಇಳಿದು ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಸಜ್ಜ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಸಡಿಲವಾದದ್ದನ್ನು ಕೆತ್ತಿ, ಕಂಬಿಯ ತುಕ್ಕು ಉಜ್ಜಿ, ಲೇಪ ಹಚ್ಚಿ ಮತ್ತೆ ತುಂಬಬೇಕು. ಕೆಲಸ ಗೊತ್ತಿದ್ದವರಿಗೆ ಇದು ದೊಡ್ಡದಲ್ಲ. ಆದರೆ ಸಜ್ಜ ಉದುರಿದ ಕೂಡಲೇ ನಮ್ಮಲ್ಲಿ ಮೊದಲು ಕೇಳಿಬರುವುದು ‘ಶಿಥಿಲ ಕಟ್ಟಡ’ ಎಂಬ ಷರಾ. ರಿಪೇರಿ ಎಸ್ಟಿಮೇಟ್ ಕೇಳುವಷ್ಟರಲ್ಲಿ ಹೊಸ ಕಟ್ಟಡದ ನಕ್ಷೆ ಮೇಜಿನ ಮೇಲಿರುತ್ತದೆ.