ಅಟ್ಟಕ್ಕೆ ನಿಚ್ಚಣಿಕೆ ಸಾಕೇನ್ರಿ?

ನಮ್ಮ ಅಮ್ಮಿನಬಾವಿಯಂಥ ಊರಲ್ಲಿ ಕಾಳಿನ ಚೀಲ, ಹಬ್ಬದ ಪಾತ್ರೆ ಎಲ್ಲ ಅಟ್ಟದ ಮೇಲೇ. ಹತ್ತುವುದು ಮಾತ್ರ ಗೋಡೆಗೆ ಆನಿಸಿದ ನಿಚ್ಚಣಿಕೆಯಲ್ಲಿ, ಅದೂ ಸೀರೆ ಉಟ್ಟು, ಕಂಕುಳಲ್ಲಿ ಮೊರ ಹಿಡಿದು! ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಬ್ಯಾಡಂದ್ರೂ ಕೇಳಂಗಿಲ್ಲ. ಅದಕ್ಕೇ ಹಿತ್ತಲಿಗೆ ಕೋಣೆ ಕೂಡಿಸಿದಾಗ ಮರದ ಮೆಟ್ಟಿಲನ್ನು ನಾನೂ ನಮ್ಮನೆಯವರೂ ಸೇರಿ ಮಾಡಿದೆವು.

ಲೆಕ್ಕ ಕೇಳ್ರಿ. ನೆಲದಿಂದ ಅಟ್ಟಕ್ಕೆ 90 ಅಂಗುಲ. ಒಂದೊಂದು ಹೆಜ್ಜೆ 9 ಅಂಗುಲ ಏರಿದರೆ ಹತ್ತು ಹೆಜ್ಜೆ. ಹತ್ತನೆಯದು ಅಟ್ಟದ ಮೇಲೇ ಬೀಳುವುದರಿಂದ ಹಲಗೆ ಒಂಬತ್ತೇ ಸಾಕು. ಹಲಗೆಗೆ 9 ಅಂಗುಲ ಅಗಲ ಕೊಟ್ಟರೆ ನೆಲದ ಮೇಲೆ 81 ಅಂಗುಲ ಜಾಗ. ಎರಡು ಬದಿಯ ಓರೆ ಹಲಗೆ 10 ಅಡಿ ಮೀರುತ್ತವೆ. 11 ಅಡಿಯವೇ ತರಿಸಿರಿ. ಎತ್ತರವನ್ನು ಹಲಗೆಯ ಮೇಲ್ಮೈಯಿಂದ ಮೇಲ್ಮೈಗೆ ಅಳೆಯಿರಿ. ಒಂದು ಮೆಟ್ಟಿಲು ಅರ್ಧ ಅಂಗುಲ ಹೆಚ್ಚಾದರೂ ಇಳಿಯುವಾಗ ಕಾಲು ಅಲ್ಲೇ ತಪ್ಪುತ್ತದೆ. ಮೇಲ್ತುದಿಯನ್ನು ತೊಲೆಗೇ ಬಿಗಿಯಿರಿ, ಮಣ್ಣಿನ ಗೋಡೆಗಲ್ಲ. ಕೈಹಿಡಿಯ ಖರ್ಚು ಉಳಿಸಬೇಡಿ.

ಇನ್ನು ಕೋಣೆ. ನಮ್ಮದು ಎರೆಭೂಮಿ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹಳೆಗೋಡೆ, ಹೊಸಗೋಡೆ ಒಂದೇ ಸಮ ಕೂಡ್ರುವುದಿಲ್ಲ. ಗೌಂಡಿ ಎಷ್ಟೇ ಅವಸರ ಮಾಡಲಿ, ಅವು ಸೇರುವ ಸಂದಿಗೆ ಒಂದು ಮಳೆಗಾಲ ಕಳೆದ ಮೇಲೆಯೇ ಗಿಲಾವು ಮಾಡಿಸಿರಿ.